ಮೂಲೆ ಮಡಚಿದ ಮೂರು ಹಾಳೆ

ಕಿರ್ರ್... ಎಂದು ಒಂದು ಸದ್ದು. ಆಮೇಲೆ ಸ್ವಲ್ಪ ಹೊತ್ತು ಮೌನ. ಮತ್ತೆ ಕಿರ್ರ್... ತುಕ್ಕು ಹಿಡಿದ ಏನನ್ನೋ ಯಾರೋ ಅವಸರವಿಲ್ಲದೆ, ಅದಕ್ಕೆ ನೋವಾಗದಂತೆ ತಿರುಗಿಸುತ್ತಿರುವ ಹಾಗಿತ್ತು. ಮೆಟ್ಟಿಲ ಕಡೆಯಿಂದ ಎದ್ದ ಆ ಸದ್ದು ಬಾಗಿಲ ಸಂದಿಯಲ್ಲಿ ನುಸುಳಿ, ಮೂರನೇ ಮಹಡಿಯ ಆ ಮನೆಯ ಹಜಾರದಲ್ಲಿ ನಡೆಯುತ್ತಿದ್ದ ಜಗಳದ ನಡುವೆ ಬಂದು ಕೂತಿತು.

ಮೇಷ್ಟ್ರು: ಕೇಳಿಸ್ತಾ? ಅವನೇ.

ಸೊಸೆ: ಯಾರು ಮಾವ?

ಮೇಷ್ಟ್ರು: ಇನ್ಯಾರು, ಮೇಲಿನವನು. ಗಡಿಯಾರದವನು. ಜನ ಒಂದು ಗಳಿಗೆ ಕಣ್ಣು ಮುಚ್ಚೋ ಹೊತ್ತು ನೋಡ್ಕೊಂಡೇ ಶುರು ಮಾಡ್ತಾನೆ.

ಸೊಸೆ: ಸದ್ದು ಕೆಳಗಡೆಯಿಂದ ಬರ್ತಾ ಇದೆ ಅನ್ಸುತ್ತೆ.

ಮೇಷ್ಟ್ರು: ಅವನ ಸದ್ದು ಎಲ್ಲಿಂದ ಬೇಕಾದ್ರೂ ಬರುತ್ತೆ. ಫೋನ್ ಕೊಡು ಇಲ್ಲಿ, ಗುಂಪಿನಲ್ಲಿ ಹಾಕ್ತೀನಿ.

ಸೊಸೆ: ಕೊಡಲ್ಲ.

ಮೇಷ್ಟ್ರು: ಫೋನ್ ನನ್ನದು.

ಸೊಸೆ: ಬೀಪಿನೂ ನಿಮ್ಮದೇ. ಬೆಳಿಗ್ಗೆ ನೂರಾ ಎಪ್ಪತ್ತಿತ್ತು.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಒಂದು ಅಂಗಿಯ ತೋಳಿನ ಮೇಲೆ ಎಳೆದಳು. ಫೋನು ಆಗಲೇ ಇಸ್ತ್ರಿಯಾಗಿದ್ದ ಬಟ್ಟೆಗಳ ಅಡಿಯಲ್ಲಿ, ಕೆಳಗಿನಿಂದ ಎರಡನೆಯ ಅಂಗಿಯೊಳಗೆ, ಬೆಳಿಗ್ಗೆಯಿಂದ ಬೆಚ್ಚಗೆ ಮಲಗಿತ್ತು.

ಆ ಕಟ್ಟಡಕ್ಕೆ ನಾಲ್ಕು ಮಹಡಿ, ಎಂಟು ಮನೆ. ಲಿಫ್ಟಿಲ್ಲ. ಎಂಟು ಮನೆಗೂ ಸೇರಿ ಫೋನಿನಲ್ಲಿ ಒಂದು ಗುಂಪಿತ್ತು. ಅದಕ್ಕೆ ‘ಒಂದೇ ಮೆಟ್ಟಿಲು’ ಎಂದು ಹೆಸರಿಟ್ಟವರು ಕೆಳಮನೆಯಾಕೆ. ನಿಜವಾದ ಮೆಟ್ಟಿಲಲ್ಲಿ ಎದುರಾದರೆ ಹಲ್ಲು ಬಿಟ್ಟು ನಗುತ್ತಿದ್ದ ಜನ ಈ ಮೆಟ್ಟಿಲಲ್ಲಿ ಎದುರಾದರೆ ಹಲ್ಲು ಕಡಿಯುತ್ತಿದ್ದರು. ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ನಗುವ ಹಲ್ಲು, ಕಡಿಯುವ ಹಲ್ಲು ಎರಡೂ ಒಂದೇ ಬಾಯಲ್ಲಿರುತ್ತವೆ ಎಂಬುದು ಅವಳಿಗೆ ಹೊಸ ಸಂಗತಿಯಾಗಿರಲಿಲ್ಲ.

ಈ ಸಲದ ವ್ಯಾಜ್ಯ ಒಂದು ಬೆಂಚು. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಹಳೆಯ ಹಲಗೆ. ಅದರ ಮೇಲೆ ಒಬ್ಬರು ಆರಾಮಾಗಿ, ಇಬ್ಬರು ಸ್ನೇಹವಿದ್ದರೆ ಕೂರಬಹುದು. ನಾಲ್ಕನೇ ಮಹಡಿಗೆ ಹೊಸದಾಗಿ ಬಂದವರ ಬೀರು ಆ ತಿರುವಿನಲ್ಲಿ ಸಿಕ್ಕಿಕೊಂಡು ಅರ್ಧ ದಿನ ನಿಂತಿತ್ತು. ಬೆಂಚು ತೆಗೆಯೋಣವೇ ಎಂದು ಅವರು ಗುಂಪಿನಲ್ಲಿ ಕೇಳಿದರು. ಮೊದಲು ಉತ್ತರಿಸಿದವರು ಅವರ ಎದುರುಮನೆಯ, ಗಡಿಯಾರ ರಿಪೇರಿ ಮಾಡುವ ಗಡಿಯಾರದವರು. ಅವರ ಹೆಸರು ಕಂಡ ಕೂಡಲೇ, ಅದರ ಕೆಳಗೆ ಏನಿದೆ ಎಂದು ಓದುವ ತೊಂದರೆಯನ್ನು ತೆಗೆದುಕೊಳ್ಳದೆ, ಮೇಷ್ಟ್ರು ತಮ್ಮ ಕಟುವಾದ ವಿರೋಧವನ್ನು ದಾಖಲಿಸಿಬಿಟ್ಟರು. ತಾವು ವಿರೋಧಿಸಿದ್ದು ಏನನ್ನು ಎಂಬುದು ಅವರಿಗೆ ಮಾರನೆಯ ದಿನ ಗೊತ್ತಾಯಿತು. ಗಡಿಯಾರದವರು ಬೆಂಚು ಇರಲಿ ಎಂದಿದ್ದರು. ಆ ಬೆಂಚಿನ ಮೇಲೆ ಕೂತು ದಿನಾ ಉಸಿರು ತೆಗೆದುಕೊಳ್ಳುತ್ತಿದ್ದ ಇಡೀ ಕಟ್ಟಡದ ಒಂದೇ ಒಂದು ಮಂಡಿ ಮೇಷ್ಟ್ರದು.

ಈಗ ನಾಲ್ಕು ಮನೆ ‘ಇರಲಿ’ ಅನ್ನುತ್ತಿದ್ದವು, ನಾಲ್ಕು ಮನೆ ‘ತೆಗೀರಿ’. ಇವತ್ತು ಸಂಜೆ ನಾಲ್ಕಕ್ಕೆ ಎಣಿಕೆ ಮುಗಿಯುತ್ತದೆ ಎಂದು ಕೆಳಮನೆಯಾಕೆ ಸಾರಿದ್ದರು. ಗಂಟೆ ಮೂರಾಗಿತ್ತು.

ಸೊಸೆ: ಒಂದೇ ಒಂದು ಸಾಲು ಬರೆದ್ರೆ ಆಯ್ತಲ್ಲ ಮಾವ. ‘ಬೆಂಚು ಇರಲಿ’ ಅಂತ. ಐದು ಮನೆ ಆಗುತ್ತೆ, ಉಳಿಯುತ್ತೆ.

ಮೇಷ್ಟ್ರು: ಅವನು ಹೇಳಿದ್ದನ್ನ ನಾನು ಹೇಳ್ಬೇಕು ಅಂತೀಯಾ?

ಸೊಸೆ: ಅವರು ಹೇಳಿದ್ದಲ್ಲ, ನಿಮ್ಮ ಮಂಡಿ ಹೇಳಿದ್ದು.

ಮೇಷ್ಟ್ರು: ಮಂಡಿ ಬೇರೆ, ತತ್ವ ಬೇರೆ. ಮೂರು ದಿನದಿಂದ ನಾನು ಆ ಬೆಂಚಿನ ಮೇಲೆ ಕೂತಿಲ್ಲ, ಗೊತ್ತಾ ನಿನಗೆ?

ಗೊತ್ತಿತ್ತು. ಮೂರು ದಿನದಿಂದ ಮೇಷ್ಟ್ರು ಬೀದಿ ಕೊನೆಯ ಗ್ರಂಥಾಲಯದ ಓದುವ ಕೋಣೆಗೆ ಹೋಗಿ ಬರುವಾಗ ಆ ತಿರುವಿನಲ್ಲಿ, ಬೆಂಚಿನ ಪಕ್ಕದಲ್ಲೇ, ಕಂಬಿ ಹಿಡಿದು ಕಾವಲಿನವನ ಹಾಗೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಅವಳು ಕೆಲಸದಿಂದ ಬರುತ್ತ ಒಮ್ಮೆ ನೋಡಿದ್ದಳು. ಅವರ ಬಲಗಾಲು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗುತ್ತಿತ್ತು. ಅವಳು ನೋಡದವಳಂತೆ ಮೇಲೆ ಬಂದಿದ್ದಳು. ಬೆಂಚು ಹೋದರೆ ಆಗುವುದೇನೆಂದು ಅವಳು ತಿರುವಿನಿಂದ ಮನೆಯವರೆಗಿನ ಹನ್ನೆರಡು ಮೆಟ್ಟಿಲು ಹತ್ತುವುದರೊಳಗೆ ಲೆಕ್ಕ ಹಾಕಿಯಾಗಿತ್ತು. ಒಂದು ತಿಂಗಳು ತತ್ವದ ಮೇಲೆ ಹತ್ತುತ್ತಾರೆ. ಆಮೇಲೆ, ಹೊರಗೆ ಹೋಗುವುದಕ್ಕೆ ಏನಿದೆ ಎಂದು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ.

ಸೊಸೆ: ಬೇರೆ ಯಾರಾದ್ರೂ ಬೆಂಚು ಇರಲಿ ಅಂದಿದ್ರೆ ಒಪ್ಕೋತಿದ್ರಿ. ನಿಮಗೆ ಆಗಬಾರದ್ದು ಆ ಮನುಷ್ಯ.

ಮೇಷ್ಟ್ರು: ನಾನು ಮನುಷ್ಯನ್ನ ನೋಡೋನಲ್ಲಮ್ಮ. ವಿಷಯ ನೋಡೋನು. ಇಪ್ಪತ್ತೆರಡು ವರ್ಷ ಭೂಗೋಳದ ಪೇಪರ್ ತಿದ್ದಿದ್ದೀನಿ.

ಇಲ್ಲಿಗೆ ಬರುತ್ತಾರೆಂದು ಸೊಸೆಗೆ ಗೊತ್ತಿತ್ತು. ಅವಳು ಕಾಯುತ್ತಿದ್ದುದೇ ಈ ಮಾತಿಗೆ. ಉತ್ತರಪತ್ರಿಕೆಯ ಮೇಲ್ಮೂಲೆಯಲ್ಲಿ ಹುಡುಗರ ಹೆಸರು, ನಂಬರು ಇರುತ್ತಿತ್ತು, ಆ ಮೂಲೆಯನ್ನು ಮಡಚಿ ಅಂಟಿಸಿರುತ್ತಿದ್ದರು, ಮಾರ್ಕು ಕೂಡಿ ಸಹಿ ಹಾಕುವ ತನಕ ಬಿಚ್ಚುವ ಹಾಗಿರಲಿಲ್ಲ ಎಂಬ ಕಥೆಯನ್ನು ಅವಳು ಮದುವೆಯಾದ ವಾರದಲ್ಲೇ ಕೇಳಿದ್ದಳು.

ಮೇಷ್ಟ್ರು: ನಿನ್ನ ಗಂಡನ ಪೇಪರೇ ನನ್ನ ಕಟ್ಟಿನಲ್ಲಿ ಬಂದಿತ್ತು. ನನಗೆ ಗೊತ್ತಾಯ್ತಾ? ಫಲಿತಾಂಶ ಬಂದ ಮೇಲೆ ಗೊತ್ತಾಯ್ತು.

ಸೊಸೆ: ಮೂವತ್ತಾರು. ಪಾಸಿಗಿಂತ ಒಂದೇ ಒಂದು ಹೆಚ್ಚು.

ಮೇಷ್ಟ್ರು: ನಿನಗೆ ಹೇಳಿದ್ದಾನಾ?

ಸೊಸೆ: ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿದ್ರು. ಹೋಗಲಿ ಮಾವ, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು. ಡಾಕ್ಟರ ಮಗಳ ಶಾಲೆಯಲ್ಲಿ ಏನೋ ಬರವಣಿಗೆಯ ಸ್ಪರ್ಧೆಯಂತೆ. ಮೂರು ಹಾಳೆ ಕಳಿಸಿದ್ದಾರೆ. ತಿದ್ದೋಕೆ ಪಕ್ಷಪಾತ ಇಲ್ಲದವರು ಬೇಕಂತೆ.

ಅವಳು ಕಪಾಟಿನಿಂದ ಮೂರು ಹಾಳೆ ತಂದು ಮೇಜಿನ ಮೇಲಿಟ್ಟಳು. ಮೂರರ ಬಲಮೂಲೆಯೂ ಒಳಮುಖವಾಗಿ ಮಡಚಿ, ಕ್ಲಿನಿಕ್ಕಿನ ಸ್ಟೇಪ್ಲರಿನಿಂದ ಎರಡೆರಡು ಪಿನ್ನು ಹೊಡೆದುಕೊಂಡಿತ್ತು. ನಿನ್ನೆ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಅವಳೇ ದುಂಡಗೆ ನಕಲು ಮಾಡಿದ್ದು. ಎಲ್ಲ ‘ಒಂದೇ ಮೆಟ್ಟಿಲು’ ಗುಂಪಿನ ಮಾತುಗಳೇ. ಬೆಂಚು ಇದ್ದಲ್ಲಿ ಮೇಜು ಅಂತ, ಮೆಟ್ಟಿಲು ಇದ್ದಲ್ಲಿ ಶಾಲೆಯ ವರಾಂಡ ಅಂತ ಮಾಡಿದ್ದಳು, ಅಷ್ಟೆ. ಕೈಬರಹ ಗುರುತು ಸಿಗಬಾರದೆಂದು ಎಲ್ಲವನ್ನೂ ತನ್ನ ಕೈಯಿಂದಲೇ ಬರೆಸಿದರು ಎಂದು ಹೇಳಿದಳು. ಮೇಷ್ಟ್ರಿಗೆ ಆ ಎಚ್ಚರಿಕೆ ಬಹಳ ಹಿಡಿಸಿತು.

ಆಮೇಲೆ ಆದದ್ದನ್ನು ನೋಡುವುದೇ ಒಂದು ಚೆಂದ. ಮೇಷ್ಟ್ರು ಎದ್ದು ಹೋಗಿ ಅಂಗಿ ಬದಲಿಸಿ ಬಂದರು. ಕೆಂಪು ಪೆನ್ನನ್ನು ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಗೀಚಿ ಎಚ್ಚರಿಸಿದರು. ಕನ್ನಡಕ ಒರೆಸಿದರು. ಬೆನ್ನು ನೆಟ್ಟಗಾಯಿತು. ಮಂಡಿ ನೋವಿನ ಮನುಷ್ಯ ಎಲ್ಲೋ ಕರಗಿ, ಒಂದು ಕಾಲದಲ್ಲಿ ಇಡೀ ತಾಲ್ಲೂಕಿನ ಹುಡುಗರು ಹೆಸರು ಗೊತ್ತಿಲ್ಲದೆಯೇ ಹೆದರುತ್ತಿದ್ದ ಮನುಷ್ಯ ಕುರ್ಚಿಯಲ್ಲಿ ಬಂದು ಕೂತ.

ಮೇಷ್ಟ್ರು: ಪ್ರಶ್ನೆ ಏನು?

ಸೊಸೆ: ಶಾಲೆಯ ಓದುವ ಕೋಣೆಯ ಹೊರಗೆ ವರಾಂಡದಲ್ಲಿ ಒಂದು ಹಳೇ ಮೇಜಿದೆ. ಅದನ್ನ ತೆಗೀಬೇಕಾ, ಇಡಬೇಕಾ.

ಮೇಷ್ಟ್ರು: ಸಣ್ಣ ಪ್ರಶ್ನೆ. ಒಳ್ಳೇದು. ಹುಡುಗರ ಬುದ್ಧಿ ಸಣ್ಣ ಪ್ರಶ್ನೇಲೇ ಗೊತ್ತಾಗೋದು.

ಮೊದಲನೆಯ ಹಾಳೆಯನ್ನು ಅವರು ಗಟ್ಟಿಯಾಗಿ ಓದಿದರು. ‘ಮೇಲಿನ ಹೇಳಿಕೆಯನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಕೆಲವರಿಗೆ ತಾವು ಹೇಳಿದ್ದೇ ಸರಿ ಎಂಬ ಅಹಂಕಾರ. ಸಾರ್ವಜನಿಕ ಜಾಗ ಯಾರ ಸ್ವಂತ ಆಸ್ತಿಯೂ ಅಲ್ಲ. ಅಡ್ಡಿಯಾಗಿರುವುದನ್ನು ಕೂಡಲೇ ತೆಗೆಯತಕ್ಕದ್ದು. ಇದು ತತ್ವದ ಪ್ರಶ್ನೆ.’

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

ಮೇಷ್ಟ್ರು: ಎಲ್ಲೋ ಕೇಳಿದ ಹಾಗಿದೆಯಲ್ಲ.

ಸೊಸೆ: ಹೌದಾ?

ಮೇಷ್ಟ್ರು: ಇಂಥವನು ಪ್ರತಿ ಕ್ಲಾಸಿನಲ್ಲೂ ಒಬ್ಬ ಇರ್ತಾನೆ. ಭಾಷೆ ಗಟ್ಟಿ. ಒಳ್ಳೆ ಮೇಷ್ಟ್ರ ಕೈಕೆಳಗೆ ಕಲಿತಿದ್ದಾನೆ.

ಸೊಸೆ: ಹಾಗಾದ್ರೆ ಒಳ್ಳೇ ಮಾರ್ಕು ಕೊಡಿ.

ಮೇಷ್ಟ್ರು: ಯಾತಕ್ಕೆ ಕೊಡಲಿ? ಇದರಲ್ಲಿ ಮೇಜು ಅನ್ನೋ ಪದ ಎಲ್ಲಿದೆ ತೋರಿಸು. ಮೇಜು ಎಷ್ಟು ದೊಡ್ಡದು, ಯಾರು ಬಳಸ್ತಾರೆ, ಯಾರಿಗೆ ತೊಂದರೆ, ಏನಾದ್ರೂ ಇದೆಯಾ? ಇವನು ಪ್ರಶ್ನೆ ಓದೇ ಇಲ್ಲ ಕಣಮ್ಮ. ಪಕ್ಕದವನು ಏನು ಬರೆದ ಅಂತ ಇಣುಕಿ ನೋಡಿ ಅದಕ್ಕೆ ಉಲ್ಟಾ ಬರೆದಿದ್ದಾನೆ.

ಸೊಸೆ: ಹಾಗೂ ಬರೀತಾರಾ?

ಮೇಷ್ಟ್ರು: ಕಾಪಿ ಹೊಡೆಯೋದರಲ್ಲಿ ಎರಡು ಬಗೆ. ನೋಡಿ ಹಾಗೇ ಬರೆಯೋದು ಒಂದು, ನೋಡಿ ಉಲ್ಟಾ ಬರೆಯೋದು ಇನ್ನೊಂದು. ಮೊದಲನೆಯವನಿಗೆ ಪಕ್ಕದವನ ಮೇಲೆ ನಂಬಿಕೆಯಾದರೂ ಇರುತ್ತೆ.

ಸೊಸೆ: ಕೊನೇಲಿ ತತ್ವದ ಪ್ರಶ್ನೆ ಅಂತ ಬರೆದಿದ್ದಾನಲ್ಲ ಮಾವ.

ಮೇಷ್ಟ್ರು: ಅದಕ್ಕೇ ಅರ್ಧ ಕಟ್. ಉತ್ತರ ಗೊತ್ತಿಲ್ಲದವರು ಕೊನೆಯಲ್ಲಿ ಬರೆಯೋ ಸಾಲು ಅದು.

ಹತ್ತಕ್ಕೆ ಎರಡು ಎಂದು ಬರೆದು ಸುತ್ತ ಒಂದು ವೃತ್ತ ಎಳೆದರು. ಅಂಚಿನಲ್ಲಿ, ಪುಟ್ಟ ಅಕ್ಷರದಲ್ಲಿ, ‘ಕೋಪ ಉತ್ತರವಲ್ಲ’ ಎಂದು ಷರಾ ಹಾಕಿದರು. ಕಂಠ ನಮ್ಮದೇ ಆದರೂ ಹೊರಗಿನಿಂದ ಕೇಳಿದಾಗ ಯಾರದೋ ಅನಿಸುತ್ತದೆ ಎಂದು ಸೊಸೆ ಅಂದುಕೊಂಡಳು. ಹೊರಗಿನ ಕಿರ್ರ್ ಸದ್ದು ಮತ್ತೆ ಕೇಳಿತು. ಮೇಷ್ಟ್ರು ಈಗ ಅದನ್ನು ಗಮನಿಸಲೇ ಇಲ್ಲ.

ಎರಡನೆಯ ಹಾಳೆಯನ್ನು ಅವರು ಮನಸ್ಸಿನಲ್ಲೇ ಓದಿದರು. ಅದರಲ್ಲಿ ಇದ್ದದ್ದು ಇಷ್ಟು: ‘ಮೇಜು ಇರಲಿ. ಹೋಗುವಾಗ ಬರುವಾಗ ಅಲ್ಲಿ ಭಾರ ಇಳಿಸಿ ಒಂದು ನಿಮಿಷ ಸುಧಾರಿಸಿಕೊಳ್ಳುವವರು ಇದ್ದಾರೆ. ಅವರಾಗಿ ಕೇಳುವುದಿಲ್ಲ, ಕೇಳಲು ಸಂಕೋಚ. ದೊಡ್ಡ ಸಾಮಾನು ಸಾಗಿಸುವವರ ಕಷ್ಟವೂ ನಿಜ. ಹಲಗೆಯ ಅಡಿಗೆ ಎರಡು ಕೀಲು ಹಾಕಿದರೆ ಬೇಡವಾದಾಗ ಗೋಡೆಗೆ ಮಡಚಿಕೊಳ್ಳುತ್ತದೆ. ಕೀಲು ನನ್ನ ಬಳಿ ಇವೆ. ಅರ್ಧ ಗಂಟೆಯ ಕೆಲಸ.’

ಮೇಷ್ಟ್ರು ಇನ್ನೊಂದು ಸಲ ಓದಿದರು. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು.

ಮೇಷ್ಟ್ರು: ಇದು ಹುಡುಗಿ ಇರಬೇಕು.

ಸೊಸೆ: ಯಾಕೆ?

ಮೇಷ್ಟ್ರು: ‘ಕೇಳಲು ಸಂಕೋಚ’ ಅಂತ ಬರೆದಿದ್ದಾಳಲ್ಲ. ಅದನ್ನ ಕಂಡುಕೊಂಡಿದ್ದಾಳಲ್ಲ. ತನಗಾಗದವರ ಕಷ್ಟವನ್ನೂ ಒಂದು ಸಾಲಲ್ಲಿ ಹೇಳಿದ್ದಾಳೆ. ಜಗಳ ಇಲ್ಲ, ಉಪದೇಶ ಇಲ್ಲ. ಕೀಲು ನನ್ನ ಹತ್ರ ಇದೆ ಅಂತಾಳೆ. ಈ ಕಾಲದಲ್ಲಿ ಇಂಥ ಮಕ್ಕಳೂ ಇದ್ದಾರಲ್ಲ ತಾಯಿ.

ಎಂಟೂವರೆ. ಅವರ ವೃತ್ತಿಜೀವನದಲ್ಲಿ ಎಂಟೂವರೆ ಅಪರೂಪ ಎಂದು ತಾವೇ ಹೇಳಿಕೊಂಡರು.

ಮೂರನೆಯ ಹಾಳೆಯನ್ನು ಕೈಗಿಡುವಾಗ ಸೊಸೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಪೂರ್ತಿ ಅವರ ಕಡೆ ತಿರುಗಿ ಕೂತಳು. ಅದನ್ನು ಬರೆದವಳು ಅವಳೇ. ಮೊನ್ನೆ ಸಂಜೆ ಕೆಳಮನೆಯಾಕೆಗೆ ಗುರಿಯಿಟ್ಟು ಗುಂಪಿನಲ್ಲಿ ಹಾಕಿದ್ದು. ಐದು ಜನ ಹೆಬ್ಬೆರಳು ಎತ್ತಿ ಮೆಚ್ಚಿದ್ದರು. ಪಾಠ ಕಲಿಸುವಾಗ ಒಂದು ಒಳ್ಳೆಯ ಮಾದರಿಯೂ ಇರಲಿ ಎಂದು, ಸ್ವಲ್ಪ ಹೆಮ್ಮೆಯಿಂದಲೇ, ಕಟ್ಟಿಗೆ ಸೇರಿಸಿದ್ದಳು. ಒಗೆದ ಬಟ್ಟೆ ಇದ್ದಲ್ಲಿ ಕೊಡೆ ಅಂತ ಬದಲಿಸಿದ್ದಳು.

‘ಮೇಜಿನ ಬಗ್ಗೆ ಮಾತಾಡುವ ಮೊದಲು, ತಮ್ಮ ಮನೆಮಂದಿಯ ಚಪ್ಪಲಿಗಳನ್ನೆಲ್ಲ ವರಾಂಡದಲ್ಲಿ ಪ್ರದರ್ಶನಕ್ಕಿಟ್ಟವರು ಒಮ್ಮೆ ಕನ್ನಡಿ ನೋಡಿಕೊಳ್ಳಲಿ. ಬೇರೆಯವರ ಕೊಡೆಯಿಂದ ನಾಲ್ಕು ಹನಿ ಬಿದ್ದರೆ ಪ್ರಳಯವಾದಂತೆ ಕೂಗುವವರಿಗೆ ಇನ್ನೊಬ್ಬರ ಕಷ್ಟ ಹೇಗೆ ಗೊತ್ತಾಗಬೇಕು? ಅಧಿಕಾರ ನಡೆಸುವ ಆಸೆ ಇದ್ದವರು ಮನೆಯೊಳಗೆ ನಡೆಸಲಿ.’

ಮೇಷ್ಟ್ರು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು.

ಮೇಷ್ಟ್ರು: ಇನ್ನೊಂದು ಹಾಳೆ ಇದೆಯಾ?

ಸೊಸೆ: ಇಲ್ಲ. ಅಷ್ಟೇ.

ಮೇಷ್ಟ್ರು: ಮೇಜು ಎಲ್ಲಿ ಹೋಯ್ತು?

ಸೊಸೆ: ಮೊದಲನೇ ಸಾಲಲ್ಲೇ ಇದೆಯಲ್ಲ.

ಮೇಷ್ಟ್ರು: ಮೇಜಿನ ಬಗ್ಗೆ ಮಾತಾಡೋ ಮೊದಲು ಅಂತ ಇದೆ. ಆಮೇಲೆ ಮಾತಾಡಲೇ ಇಲ್ಲ. ಇವಳು ಏನು ಹೇಳ್ತಾಳೆ, ಇಡಬೇಕಾ, ತೆಗೀಬೇಕಾ?

ಸೊಸೆ: ಇಡಬೇಕು ಅಂತ.

ಮೇಷ್ಟ್ರು: ಎಲ್ಲಿ ಬರೆದಿದೆ?

ಸೊಸೆ: ಭಾವಾರ್ಥ ಮಾವ.

ಮೇಷ್ಟ್ರು: ಭಾವಾರ್ಥಕ್ಕೆ ಮಾರ್ಕಿಲ್ಲ. ಯಾರದೋ ಕೊಡೆ, ಯಾರದೋ ಚಪ್ಪಲಿ, ಹಳೇ ಸಿಟ್ಟು. ಮೇಜನ್ನ ನೆಪ ಮಾಡ್ಕೊಂಡು ಯಾರನ್ನೋ ಒಗೆದು ಹಾಕಿದ್ದಾಳೆ. ಮೊದಲನೆಯವನು ಕಡೇ ಪಕ್ಷ ತೆಗೀರಿ ಅಂದ. ಒಂದೂವರೆ.

ಸೊಸೆ: ಒಂದೂವರೆನಾ? ವ್ಯಂಗ್ಯ ಚೆನ್ನಾಗಿಲ್ವಾ? ಪ್ರದರ್ಶನಕ್ಕಿಟ್ಟವರು ಅಂತ...

ಮೇಷ್ಟ್ರು: ವ್ಯಂಗ್ಯಕ್ಕೇ ಒಂದೂವರೆ ಕೊಟ್ಟಿರೋದು. ಉತ್ತರಕ್ಕೆ ಸೊನ್ನೆ.

ಸೊಸೆ: ಇನ್ನೊಂದು ಅರ್ಧನಾದ್ರೂ ಹಾಕಿ ಮಾವ. ಪಾಪ, ಸಣ್ಣ ಹುಡುಗಿ ಇರಬಹುದು.

ಮೇಷ್ಟ್ರು: ನಿನಗೇನಮ್ಮ ಇವಳ ಮೇಲೆ ಅಷ್ಟು ಕನಿಕರ?

ಅವಳು ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತತೊಡಗಿದಳು. ಕಿವಿ ಬಿಸಿಯಾಗಿತ್ತು. ಮೇಷ್ಟ್ರು ಮೂರೂ ಹಾಳೆಯ ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಇನ್ನು ಮೂಲೆ ಬಿಚ್ಚಬಹುದಲ್ಲ, ಆ ಹುಡುಗಿ ಯಾರೆಂದು ನೋಡೋಣ ಎಂದು ಎರಡನೆಯ ಹಾಳೆಯ ಪಿನ್ನನ್ನು ಉಗುರಿನಿಂದ ಎಬ್ಬಿಸಿದರು. ಮಡಿಕೆ ಬಿಚ್ಚಿಕೊಂಡಿತು. ಒಳಗೆ ದುಂಡಗೆ ಬರೆದಿತ್ತು: ನಾಲ್ಕನೇ ಮಹಡಿ, ಗಡಿಯಾರದವರು.

ಹೊರಗಿನ ಸದ್ದು ಆಗಲೇ ನಿಂತುಹೋಗಿತ್ತು. ಮೇಷ್ಟ್ರ ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಯಿತು.

ಸೊಸೆ: ಸಹಿ ಆದ ಮೇಲೆ ಮಾರ್ಕು ಮುಟ್ಟೋ ಹಾಗಿಲ್ಲ. ನೀವೇ ಹೇಳಿದ್ದು.

ಅವರು ಪೆನ್ನು ಬಿಟ್ಟು ಮೊದಲನೆಯ ಹಾಳೆ ಎತ್ತಿಕೊಂಡರು. ಅದರ ಮೂಲೆ ಬಿಚ್ಚುವ ಮೊದಲೇ ಗೊತ್ತಾಗಿಹೋಗಿತ್ತು ಅನಿಸುತ್ತದೆ. ಬಿಚ್ಚಿ, ಓದಿ, ಹಾಗೇ ಮತ್ತೆ ಮಡಚಿದರು. ‘ಒಳ್ಳೆ ಮೇಷ್ಟ್ರ ಕೈಕೆಳಗೆ ಕಲಿತಿದ್ದಾನೆ’ ಎಂದು ತಮಗೆ ತಾವೇ ಗೊಣಗಿಕೊಂಡರು. ಆಮೇಲೆ ಮೂರನೆಯದನ್ನು ಬಿಚ್ಚಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಬಂತು.

ಮೇಷ್ಟ್ರು: ನಿನಗಿಂತ ನನಗೆ ಅರ್ಧ ಹೆಚ್ಚು.

ಸೊಸೆ: ಗೊತ್ತಾಯ್ತು.

ಮೇಷ್ಟ್ರು: ಮರುಮೌಲ್ಯಮಾಪನ ಬೇಕಾ?

ಸೊಸೆ: ಬೇಡ. ಮಾವ, ನೀವು ಬರೀತೀರಾ ಇಲ್ವಾ? ಮೂರೂವರೆ ಆಯ್ತು.

ಮೇಷ್ಟ್ರು: ಬರೆಯದೇ ಇದ್ರೆ ಏನಾಗುತ್ತೆ? ಮೆಟ್ಟಿಲು ಇಳಿಯೋದೇ ಬಿಡ್ತೀನಿ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು...

ಅವಳು ಬಟ್ಟೆಯ ರಾಶಿಯೊಳಗೆ ಕೈಹಾಕಿ ಫೋನು ತೆಗೆದು ಅವರ ಮುಂದಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.

ಒಂದು ಸಾಲು ಬರೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಮೊದಲು ಅವರು, ಗಡಿಯಾರದವರು ಅಪ್ಪಿತಪ್ಪಿ ಒಂದು ಸರಿಯಾದ ಮಾತು ಹೇಳಿರುವುದು ನನ್ನ ಗಮನಕ್ಕೆ ಬಂದಿದೆ ಎಂದು ಬರೆದರು. ಸೊಸೆ ಕೆಂಪು ಪೆನ್ನು ಎತ್ತಿಕೊಂಡು ಗಾಳಿಯಲ್ಲೇ ಗೀಟು ಹೊಡೆದಳು. ಹೇಳಿದವರು ಎಂಥವರೇ ಆಗಿರಲಿ, ವಿಷಯವನ್ನಷ್ಟೇ ನೋಡುವ ನನ್ನಂಥವನು ಎಂದು ಇನ್ನೊಂದು ಶುರುವಾಯಿತು. ಅದರಲ್ಲಿ ‘ಎಂಥವರೇ’ ಅನ್ನುವುದಕ್ಕೆ ಅರ್ಧ, ‘ನನ್ನಂಥವನು’ ಅನ್ನುವುದಕ್ಕೆ ಒಂದು ಮಾರ್ಕು ಹೋಗುತ್ತದೆಂದು ಅವಳು ಹೇಳಿದಳು. ಮತ್ತೊಂದರಲ್ಲಿ ಗಡಿಯಾರದವರ ಹೆಸರೇ ಇರಲಿಲ್ಲ, ಏಳು ತಿಂಗಳ ಹಿಂದಿನ ಕೈಗಡಿಯಾರದ ಜಗಳ ಇತ್ತು. ಆ ಗಡಿಯಾರ ನಿವೃತ್ತಿಯ ದಿನ ಹುಡುಗರು ಕೊಟ್ಟದ್ದು. ನಿಂತುಹೋದಾಗ ಮೇಲೆ ಒಯ್ದಿದ್ದರು. ಗಡಿಯಾರದವರು ಮುಚ್ಚಳ ತೆಗೆದು ನೋಡಿ, ಇದರ ಕಾಲ ಮುಗಿದಿದೆ ಮೇಷ್ಟ್ರೇ, ಗಾಜಿನ ಕಪಾಟಿನಲ್ಲಿ ಇಡಿ ಎಂದುಬಿಟ್ಟಿದ್ದರು. ಆ ಮಾತು ಗಡಿಯಾರದ ಬಗ್ಗೆ ಹೇಳಿದ್ದೆಂದು ಮೇಷ್ಟ್ರು ಇವತ್ತಿಗೂ ನಂಬಿರಲಿಲ್ಲ.

ಕೊನೆಗೆ ಉಳಿದದ್ದು ಇಷ್ಟು: ‘ಬೆಂಚು ಇರಲಿ. ಗಡಿಯಾರದವರು ಬರೆದದ್ದನ್ನು ಓದದೆ ವಿರೋಧಿಸಿದ್ದೆ.’ ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಳಿಯುತ್ತಿತ್ತು, ಏಳುತ್ತಿತ್ತು.

ಆಗ ಬಾಗಿಲ ಗಂಟೆ ಬಾರಿಸಿತು.

ಸೊಸೆ ತೆರೆದಳು. ಹೊರಗೆ ಗಡಿಯಾರದವರು ನಿಂತಿದ್ದರು. ಕೆಲಸದ ಭೂತಗನ್ನಡಿ ಹಣೆಯ ಮೇಲೆ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕಂಕುಳಲ್ಲಿ ಬೆಂಚಿನ ಹಲಗೆ. ಏಳು ತಿಂಗಳಾದ ಮೇಲೆ ಈ ಬಾಗಿಲಿಗೆ ಬಂದವರು ಹೊಸ್ತಿಲಾಚೆಯೇ ನಿಂತುಕೊಂಡರು. ಅಷ್ಟು ಹೊತ್ತಿನಿಂದ ಕಿರ್ರ್ ಎನ್ನುತ್ತಿದ್ದದ್ದು ಏನೆಂದು ಸೊಸೆಗೆ ಈಗ ಗೊತ್ತಾಯಿತು.

ಮೇಷ್ಟ್ರು: ಬನ್ನಿ ಬನ್ನಿ, ಒಳಗೆ ಬನ್ನಿ. ಇದೇನಿದು?

‘ಅವನು’ ಎಂಬುದು ‘ಬನ್ನಿ’ ಆಗುವುದಕ್ಕೆ ಒಂದು ಬಾಗಿಲು ತೆರೆದರೆ ಸಾಕು, ಗುಂಪಿನಲ್ಲಿ ಬಾಗಿಲುಗಳಿಲ್ಲ, ಅದೇ ತೊಂದರೆ ಎಂದು ಸೊಸೆಗೆ ಅನ್ನಿಸಿತು.

ಗಡಿಯಾರದವರು: ಒಂದು ಮಾತು ಹೇಳಿ ಹೋಗ್ತೀನಿ ಮೇಷ್ಟ್ರೇ. ಸುಳ್ಳು ಯಾಕೆ ಹೇಳಲಿ, ಗುಂಪಿನಲ್ಲಿ ನಿಮ್ಮ ಹೆಸರು ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಇವತ್ತು ಬೆಳಿಗ್ಗೆ ಅನ್ನಿಸ್ತು, ಹೆಸರು ನೋಡಿ ಉರಿಯೋದು ತಪ್ಪಲ್ವಾ ಅಂತ. ಹೆಸರಿನ ಮೇಲೆ ಹೆಬ್ಬೆರಳಿಟ್ಟು ನಿಮ್ಮ ಮೆಸೇಜು ಇನ್ನೊಂದು ಸಲ ಓದಿದೆ.

ಮೇಷ್ಟ್ರು: ಓದಿ?

ಗಡಿಯಾರದವರು: ತಲೆ ತಗ್ಗಿಸಿದೆ. ಆ ಬೆಂಚು ಈ ಕಟ್ಟಡದಲ್ಲಿ ಯಾರಿಗೆ ಬೇಕು? ನಿಮಗೊಬ್ಬರಿಗೆ. ತನಗೆ ಬೇಕಾದ್ದನ್ನೇ ತೆಗೀರಿ ಅನ್ನೋ ಮನುಷ್ಯನ ಮಾತಲ್ಲಿ ಸತ್ಯ ಇರಲೇಬೇಕು. ಮೂರು ದಿನದಿಂದ ನೋಡ್ತಾ ಇದ್ದೀನಿ, ಕಾಲು ನಡುಗ್ತಾ ಇದ್ರೂ ನೀವು ಪಕ್ಕದಲ್ಲಿ ನಿಂತ್ಕೋತೀರಿ, ಕೂರಲ್ಲ. ಅಂಥವರ ಎದುರು ನಾನು ಯಾವ ಮುಖ ಇಟ್ಕೊಂಡು ವಾದ ಮಾಡಲಿ? ನಾನೂ ‘ತೆಗೀರಿ’ ಅಂತ ಹಾಕೋದು ಅಂತ ಮಧ್ಯಾಹ್ನ ತೀರ್ಮಾನಿಸಿದೆ, ಇನ್ನೂ ಹಾಕಿಲ್ಲ. ಐದು ಮನೆ ಆಗುತ್ತಲ್ಲ, ಇನ್ನು ಕಾಯೋದೇನು ಅಂತ ನಾನೇ ಬಿಚ್ಚಿದೆ.

ಸೊಸೆ: ಹೆಸರು ಮುಚ್ಚಿ ಓದಿದ್ರೆ, ಮಂಡಿ ಯಾರದು ಅಂತ ಹೇಗೆ ಗೊತ್ತಾಯ್ತು?

ಗಡಿಯಾರದವರು: ಹೆಬ್ಬೆರಳು ಆಮೇಲೆ ತೆಗೆದೆನಮ್ಮ.

ಮೇಷ್ಟ್ರು ಎದ್ದು ನಿಂತಿದ್ದರು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಒಬ್ಬ ತ್ಯಾಗಿ ಹುಟ್ಟುತ್ತಿದ್ದ. ಎದೆ ಸ್ವಲ್ಪ ಮುಂದೆ ಬಂತು, ಗಲ್ಲ ಮೇಲೆ ಹೋಯಿತು, ಒಂದು ಕೈ ಬೆನ್ನ ಹಿಂದೆ ಸರಿಯಿತು. ಈಗ ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಇಡೀ ಕಟ್ಟಡದಲ್ಲಿ ಅವರಷ್ಟು ದೊಡ್ಡ ಮನುಷ್ಯ ಇರುತ್ತಿರಲಿಲ್ಲ, ಬೆಂಚೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಬಲಗಾಲು ನಡುಗಿತು. ಅವರು ಮೇಜಿನ ಅಂಚು ಹಿಡಿದುಕೊಂಡರು.

ಮೇಷ್ಟ್ರು: ನೀವು ತಪ್ಪು ತಿಳ್ಕೊಂಡಿದ್ದೀರಿ. ಅದರಲ್ಲಿ ಸತ್ಯ ಗಿತ್ಯ ಏನೂ ಇಲ್ಲ.

ಗಡಿಯಾರದವರು: ಇದು ನಿಮ್ಮ ದೊಡ್ಡತನ.

ಮೇಷ್ಟ್ರು: ದೊಡ್ಡತನ ಅಲ್ಲ ಮಾರಾಯರೇ, ಕೇಳಿ. ನಿಮ್ಮ ಹೆಸರು ನೋಡಿದೆ, ಉಲ್ಟಾ ಬರೆದೆ. ಅಷ್ಟೇ. ನೀವು ಏನು ಬರೆದಿದ್ದೀರಿ ಅಂತ ಓದಿರಲಿಲ್ಲ. ನೀವು ಬೆಂಚು ತೆಗೀರಿ ಅಂದಿದ್ರೆ ನಾನು ಇರಲಿ ಅಂತಿದ್ದೆ.

ಗಡಿಯಾರದವರು ಹಲಗೆಯನ್ನು ನಿಧಾನವಾಗಿ ಗೋಡೆಗೆ ಒರಗಿಸಿದರು.

ಗಡಿಯಾರದವರು: ಮತ್ತೆ ಆ ನಿಂತ್ಕೊಂಡಿದ್ದು?

ಮೇಷ್ಟ್ರು: ಹಟ.

ಅವರು ಫೋನನ್ನು ಸೊಸೆಯ ಕೈಗೆ ಕೊಟ್ಟು, ಕಳಿಸಿಬಿಡು ಎಂದರು. ಎರಡನೆಯ ಹಾಳೆಯನ್ನು ಎತ್ತಿ ಗಡಿಯಾರದವರ ಕಡೆ ಚಾಚಿ, ಇವತ್ತೇ ನಿಮ್ಮದನ್ನು ಓದಿದ್ದು, ಹೆಸರಿಲ್ಲದೆ, ಎಂದರು. ಗಡಿಯಾರದವರು ಹಣೆಯ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, ಒಂದು ಸಣ್ಣ ಗಾಲಿಯ ಹಲ್ಲು ಎಣಿಸುವವರ ಹಾಗೆ ಆ ಕೆಂಪು ವೃತ್ತವನ್ನು ನೋಡಿದರು. ಎಲ್ಲ ಒಳ್ಳೆಯದಾಗಿ ಮುಗಿಯಿತು ಎಂದು ಸೊಸೆ ಅಂದುಕೊಂಡಳು.

ಗಡಿಯಾರದವರು: ಎಂಟೂವರೆ.

ಮೇಷ್ಟ್ರು: ಹೂಂ.

ಗಡಿಯಾರದವರು: ಹತ್ತಕ್ಕಾ?

ಮೇಷ್ಟ್ರು: ಹತ್ತಕ್ಕೆ.

ಗಡಿಯಾರದವರು: ಉಳಿದ ಒಂದೂವರೆ ಎಲ್ಲಿ ಹೋಯ್ತು?

ಮೇಷ್ಟ್ರು: ಅಳತೆ ಎಲ್ಲಿ ಕೊಟ್ಟಿದ್ದೀರಿ? ಹಲಗೆ ಎಷ್ಟು ಅಗಲ, ತಿರುವು ಎಷ್ಟು ಅಗಲ, ಮಡಚಿದ ಮೇಲೆ ಬೀರು ತಿರುಗೋಕೆ ಜಾಗ ಎಷ್ಟು ಸಿಗುತ್ತೆ? ಅದಕ್ಕೊಂದು. ಅರ್ಧ ಗಂಟೆಯ ಕೆಲಸ ಅಂತ ಯಾವ ಆಧಾರದ ಮೇಲೆ ಬರೆದ್ರಿ? ಅದಕ್ಕರ್ಧ.

ಗಡಿಯಾರದವರು: ನನ್ನ ಕಣ್ಣಳತೆ ಇದುವರೆಗೆ ಒಂದು ಕೂದಲು ತಪ್ಪಿಲ್ಲ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಗಂಟೆ ವಿಷಯ ನನಗೆ ಹೇಳ್ತೀರಾ?

ಮೇಷ್ಟ್ರು: ನನ್ನ ಗಡಿಯಾರದ ವಿಷಯದಲ್ಲೂ ಹೀಗೇ ಕಣ್ಣಳತೆ ಮಾಡಿದ್ರಿ.

ಗಡಿಯಾರದವರು: ತನ್ನಿ ಅದನ್ನ. ಮೊದಲು ಕೀಲು ಹಾಕೋಣ, ಆಮೇಲೆ ಗಡಿಯಾರ ಬಿಚ್ಚೋಣ. ಎರಡಕ್ಕೂ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಇಡಿ.

ಮೇಷ್ಟ್ರು ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ಹುಡುಕುವಷ್ಟರಲ್ಲಿ ಸೊಸೆಯ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ಮೇಷ್ಟ್ರ ಸಾಲಿನ ಕೆಳಗೆ ಕೆಳಮನೆಯಾಕೆಯ ಹೆಸರು. ಅವಳ ಬೆರಳು ಉತ್ತರಿಸುವುದಕ್ಕೆ ಆಗಲೇ ಇಳಿದಿತ್ತು. ಚಪ್ಪಲಿ ಅನ್ನುವ ಪದದ ಅರ್ಧ ಮೂಡಿಯೂ ಆಗಿತ್ತು. ಮೇಜಿನ ಮೇಲೆ ಒಂದೂವರೆ ಎಂಬ ಕೆಂಪು ಅಂಕಿ ಅವಳನ್ನೇ ನೋಡುತ್ತಿತ್ತು. ಅವಳು ಅರ್ಧ ಪದವನ್ನು ಅಳಿಸಿ, ಹೆಸರಿನ ಮೇಲೆ ಹೆಬ್ಬೆರಳಿಟ್ಟು ಓದಿದಳು. ‘ಸರಿ. ಬೆಂಚು ಇದ್ದರೆ ಅದರ ಅಡಿಯ ಧೂಳು ಗುಡಿಸುವವರು ಯಾರು?’

ಇಷ್ಟೇ ಇತ್ತು. ಇಷ್ಟರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಎಷ್ಟು ಹುಡುಕಿದರೂ ಸಿಗಲಿಲ್ಲ, ಸಿಗದ್ದಕ್ಕೆ ಸ್ವಲ್ಪ ಬೇಜಾರೇ ಆಯಿತು. ‘ವಾರಕ್ಕೊಂದು ಮನೆ. ಮೊದಲ ವಾರ ನಾನು’ ಎಂದು ಬರೆದು ಕಳಿಸಿ, ಹೆಬ್ಬೆರಳು ತೆಗೆದಳು. ಹೆಸರು ಅಲ್ಲೇ ಇತ್ತು, ಮೊದಲಿನ ಹಾಗೇ.

ಬಾಗಿಲಲ್ಲಿ ಹಲಗೆಯ ಒಂದು ತುದಿ ಗಡಿಯಾರದವರ ಹೆಗಲಿಗೇರಿತ್ತು. ಹಿಂದೆ ಟೇಪು, ಕೆಂಪು ಪೆನ್ನು ಹಿಡಿದು ಮೇಷ್ಟ್ರು.

ಗಡಿಯಾರದವರು: ನೀವು ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟೇ ಇಲ್ಲ ಅಂತ ಕಾಣುತ್ತೆ.

ಮೇಷ್ಟ್ರು: ಯಾಕೆ ಕೊಟ್ಟಿಲ್ಲ? ಇಪ್ಪತ್ತೆರಡು ವರ್ಷದಲ್ಲಿ ಒಬ್ಬನಿಗೆ, ಒಂದು ಪ್ರಶ್ನೆಗೆ, ಕೊಟ್ಟಿದ್ದೀನಿ.

ಸೊಸೆ: ಅಷ್ಟು ಚೆನ್ನಾಗಿ ಬರೆದಿದ್ನಾ ಮಾವ?

ಮೇಷ್ಟ್ರು ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದರು, ಇನ್ನೊಂದು ಇಳಿದರು. ಅವರ ತಲೆ ಮರೆಯಾಯಿತು. ಹಲಗೆ ಗೋಡೆಗೆ ತಾಗಿದ ಸದ್ದಿನ ನಡುವೆ ದನಿಯೊಂದೇ ಮೇಲೆ ಬರುತ್ತಿತ್ತು.

“ಸುಮಾರಾಗಿ ಬರೆದಿದ್ದ, ಆದ್ರೆ ಆವತ್ತು ಮೂಲೆಗೆ ಅಂಟು ಸರಿಯಾಗಿ ಹಿಡಿದಿರಲಿಲ್ಲ, ಫ್ಯಾನಿನ ಗಾಳಿಗೆ ಎದ್ದುಬಿಡ್ತು, ನಾನೇನು ಬೇಕು ಅಂತ ನೋಡಿದ್ದಲ್ಲ, ಕಣ್ಣಿಗೆ ಬಿತ್ತು, ನೋಡಿದ್ರೆ ಆ ಹುಡುಗ ನಮ್ಮ ಮನೆಯವನೇ...”